ಯಂತ್ರ ನಮ್ಮದು, ಯಜಮಾನಿಕೆ ಯಾರದು?

ಇಂಟರ್‌ನೆಟ್‌ಗೆ ಜೋಡಿಸಿದ ಸಾಧನಗಳ ಬಗ್ಗೆ ನಮ್ಮ ಕರಾವಳಿಯ ವಿದ್ಯಾವಂತರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ನೆಲೆಯೂರಿದೆ. ಬೋರ್ಡು, ಅದರೊಳಗಿನ ತಂತ್ರಾಂಶ, ಸಿಮ್, ಕ್ಲೌಡ್ ಎಲ್ಲವನ್ನೂ ಒಂದೇ ಕಂಪನಿ ಜೋಡಿಸಿಕೊಡುವ ಪ್ಲಾಟ್‌ಫಾರ್ಮ್‌ಗಳು ಬಂದ ಮೇಲೆ ಇಂಥ ಸಾಧನ ಮಾಡುವ ಕಷ್ಟ ತೀರಿತು, ಇನ್ನು ಬೇಕಾದದ್ದು ಒಳ್ಳೆಯ ಐಡಿಯಾ ಮಾತ್ರ ಎಂಬುದು ಆ ನಂಬಿಕೆಯ ಮೊದಲ ಅರ್ಧ. ಸಾಧನ ದುಡ್ಡು ಕೊಟ್ಟು ಕೊಂಡವನದು, ಕ್ಲೌಡ್ ಹಿನ್ನೆಲೆಯಲ್ಲಿ ಕೆಲಸ ಮಾಡುವ ಒಂದು ಸೌಕರ್ಯ ಅಷ್ಟೇ ಎಂಬುದು ಎರಡನೆಯ ಅರ್ಧ. ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟ್‌ಗಳ ಹಿಂದೆ ಈ ನಂಬಿಕೆ ಇದೆ. ಹೂಡೆಯಲ್ಲಿ ಬೀಗ ಹಾಕಿದ ಮನೆಯ ಅಂಗಳವನ್ನು ಕೊಲ್ಲಿ ರಾಷ್ಟ್ರದಲ್ಲಿ ಕುಳಿತು ಮೊಬೈಲಿನಲ್ಲಿ ನೋಡುವವರ ಮನಸ್ಸಿನಲ್ಲೂ ಇದೆ. ಪಂಚಾಯತ್ ಮಟ್ಟದ ಕುಡಿಯುವ ನೀರಿನ ಯೋಜನೆಗೆ ಸೆನ್ಸರ್ ಹಾಕಿಸಬೇಕೆನ್ನುವವರ ಮಾತಿನಲ್ಲೂ ಕೇಳಿಸುತ್ತದೆ. ಈ ನಂಬಿಕೆಯನ್ನು ಸುಳ್ಳೆಂದು ತಳ್ಳಿಹಾಕಲಾಗದು. ಬೇರೆಬೇರೆಯಾಗಿ ನೋಡಬೇಕಾದ ಕೆಲವು ಸಂಗತಿಗಳನ್ನು ಅದು ಒಂದೇ ಕಟ್ಟಿನಲ್ಲಿ ಬಿಗಿದಿದೆ. ಕಟ್ಟು ಬಿಚ್ಚದೆ ಒಪ್ಪಿಕೊಂಡರೆ ನಷ್ಟ ಆಗುವುದು ನಮ್ಮಂಥ ಸಣ್ಣ ಊರುಗಳಿಗೆ.

ಮೊದಲು ಈ ವಾದಕ್ಕೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸೋಣ. ಪಾರ್ಟಿಕಲ್ ಎಂಬ ಅಮೆರಿಕದ ಕಂಪನಿಯನ್ನು ತೆಗೆದುಕೊಳ್ಳಿ. ಅದರ ಸ್ಥಾಪಕ ಝಾಕ್ ಸುಪಲ್ಲಾ ಅವರ ತಂದೆಗೆ ಕಿವಿ ಕೇಳುವುದಿಲ್ಲ. ಮೊಬೈಲಿಗೆ ಸಂದೇಶ ಬಂದಾಗ ಮನೆಯ ದೀಪ ಮಿನುಗಿದರೆ ಅವರಿಗೆ ತಿಳಿದೀತು ಎಂಬ ಯೋಚನೆಯಿಂದ ಆ ಕಂಪನಿ ಹುಟ್ಟಿತು. ದೀಪದ ಮೊದಲ ಯೋಜನೆಗೆ ಸಾಕಷ್ಟು ಜನ ಹಣ ಹೂಡಲಿಲ್ಲ. ಆದರೆ ದೀಪವನ್ನು ಇಂಟರ್‌ನೆಟ್‌ಗೆ ಜೋಡಿಸಲು ಮಾಡಿಕೊಂಡಿದ್ದ ಪುಟ್ಟ ಬೋರ್ಡನ್ನೇ 2013ರಲ್ಲಿ 'ಸ್ಪಾರ್ಕ್ ಕೋರ್' ಎಂಬ ಹೆಸರಿನಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಮುಂದಿಟ್ಟಾಗ, ಕೇಳಿದ್ದು ಹತ್ತು ಸಾವಿರ ಡಾಲರ್, ಬಂದದ್ದು ಐದು ಲಕ್ಷ ಅರವತ್ತು ಸಾವಿರಕ್ಕೂ ಹೆಚ್ಚು. ಜನ ಮುಗಿಬಿದ್ದದ್ದಕ್ಕೆ ಕಾರಣವಿತ್ತು. ಅಲ್ಲಿಯವರೆಗೆ ಒಂದು ಸಾಧನವನ್ನು ನೆಟ್‌ಗೆ ಜೋಡಿಸಬೇಕೆಂದರೆ ಸರ್ಕ್ಯೂಟ್ ಮಾಡುವವರು, ಫರ್ಮ್‌ವೇರ್ ಬರೆಯುವವರು, ಸರ್ವರ್ ನಡೆಸುವವರು, ಮೊಬೈಲ್ ಕಂಪನಿಯೊಡನೆ ಸಿಮ್ ವ್ಯವಹಾರ ಕುದುರಿಸುವವರು ಹೀಗೆ ನಾಲ್ಕು ಬಗೆಯ ಜನ ಬೇಕಿತ್ತು. ಇಲ್ಲಿ ಬೋರ್ಡಿನ ಒಳಗೇ ಗೂಢಲಿಪಿಯ ಕೀಲಿ ಇದೆ. ಕರೆಂಟು ಕೊಟ್ಟೊಡನೆ ಅದು ಕಂಪನಿಯ ಸರ್ವರಿಗೆ ತನ್ನ ಗುರುತು ಹೇಳಿ ಮಾತಿಗೆ ತೊಡಗುತ್ತದೆ. ಕಾರ್ಯಕ್ರಮದಲ್ಲಿ ತಪ್ಪಿದ್ದರೆ ತೋಟಕ್ಕೆ ಹೋಗಿ ಡಬ್ಬಿ ಬಿಚ್ಚಬೇಕಿಲ್ಲ, ಹೊಸ ಫರ್ಮ್‌ವೇರ್ ಗಾಳಿಯಲ್ಲೇ ಬಂದು ಕೂರುತ್ತದೆ. ಇದು ನಿಜವಾದ ಉಪಕಾರ.

ಸಣ್ಣ ಊರಿಗೆ ಇದರಿಂದ ಲಾಭ ಹೆಚ್ಚು ಎಂಬ ಮಾತೂ ಸುಳ್ಳಲ್ಲ. ಮಣಿಪಾಲದ ಎಂಐಟಿ 1957ರಲ್ಲಿ, ಕಾರ್ಕಳ ತಾಲೂಕಿನ ನಿಟ್ಟೆಯ ಎಂಜಿನಿಯರಿಂಗ್ ಕಾಲೇಜು 1986ರಲ್ಲಿ ಶುರುವಾದವು. ಜಾಣ ಹುಡುಗ ಹುಡುಗಿಯರಿಗೆ ಇಲ್ಲಿ ಕೊರತೆ ಇಲ್ಲ. ಕೊರತೆ ಇದ್ದದ್ದು ದೊಡ್ಡ ನಗರದ ಬಂಡವಾಳಕ್ಕೆ ಮತ್ತು ಸಲಕರಣೆಗೆ. ಶಾಂಘೈಯ ಎಸ್‌ಪ್ರೆಸಿಫ್ ಕಂಪನಿ 2014ರ ಸುಮಾರಿಗೆ ವೈಫೈ ಚಿಪ್ಪನ್ನು ನಂಬಲಾಗದ ಅಗ್ಗದ ಬೆಲೆಗೆ ಮಾರುಕಟ್ಟೆಗೆ ಬಿಟ್ಟಿತು. ಇಂದು ಅದರ ಇಎಸ್‌ಪಿ-32 ಬೋರ್ಡು ಕೆಲವು ನೂರು ರೂಪಾಯಿಗೆ ಮನೆ ಬಾಗಿಲಿಗೆ ಬರುತ್ತದೆ. ಅದರ ಜೊತೆಗೆ ಒಂದು ಕ್ಲೌಡ್ ಖಾತೆ ತೆರೆದರೆ ಶನಿವಾರ ಹೊಳೆದ ಯೋಚನೆ ಭಾನುವಾರ ಸಂಜೆಗೆ ಮೊಬೈಲ್ ಪರದೆಯ ಮೇಲೆ ಅಂಕಿಯಾಗಿ ಕಾಣಿಸುತ್ತದೆ. ಈ ಪಕ್ಷದವರ ಅತ್ಯಂತ ಬಲವಾದ ವಾದ ಇದಕ್ಕಿಂತಲೂ ಮುಂದಿನದು. ನಾವು ಮನೆಯಲ್ಲಿ ಕರೆಂಟು ತಯಾರಿಸಿಕೊಳ್ಳುತ್ತೇವೆಯೆ, ಮೆಸ್ಕಾಂನಿಂದ ಕೊಳ್ಳುವುದಿಲ್ಲವೆ, ಹಾಗೆಯೇ ಕ್ಲೌಡನ್ನೂ ಕೊಂಡರಾಯಿತು, ಪ್ರತಿ ಊರಿನಲ್ಲೂ ಸರ್ವರ್ ನಡೆಸುತ್ತೇವೆ ಎನ್ನುವುದು ಪ್ರತಿ ಮನೆಯಲ್ಲೂ ಜನರೇಟರ್ ಇಡುತ್ತೇವೆ ಎಂದಷ್ಟೇ ಅವಿವೇಕ ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಗೆ ಉತ್ತರ ಹೇಳದೆ ಮುಂದೆ ಹೋಗುವಂತಿಲ್ಲ.

ಉತ್ತರ ಸಿಗಬೇಕಾದರೆ ಒಂದು ಸಾಧನದ ಬದುಕಿನಲ್ಲಿ ಕಟ್ಟುವುದು, ನಡೆಸುವುದು, ಯಜಮಾನಿಕೆ ಇವು ಬೇರೆಬೇರೆ ಎಂದು ಮೊದಲು ಒಪ್ಪಬೇಕು. ಕಟ್ಟುವುದು ಎಂದರೆ ಮೊದಲ ಸಲ ಅದು ಕೆಲಸ ಮಾಡುವಂತೆ ಮಾಡುವುದು. ನಡೆಸುವುದು ಎಂದರೆ ವರ್ಷಾನುಗಟ್ಟಲೆ ಅದು ನಿಜ ಹೇಳುವಂತೆ ನೋಡಿಕೊಳ್ಳುವುದು. ಯಜಮಾನಿಕೆ ಎಂದರೆ ಅದು ಏನು ಮಾಡಬೇಕು, ಯಾವಾಗ ನಿಲ್ಲಬೇಕು ಎಂದು ತೀರ್ಮಾನಿಸುವ ಹಕ್ಕು. ಒಂದು ಉದಾಹರಣೆಯಲ್ಲಿ ಇದನ್ನು ಹತ್ತಿರದಿಂದ ನೋಡೋಣ. ಪಡುತೋನ್ಸೆಯ ಹೂಡೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸ್ವರ್ಣೆಯ ಹಿನ್ನೀರು ಇರುವ ನೆಲ. ಸ್ವರ್ಣಾ, ಸೀತಾ ಎರಡೂ ನದಿಗಳು ಸ್ವಲ್ಪ ಉತ್ತರಕ್ಕೆ ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಮಳೆಗಾಲದಲ್ಲಿ ನದಿ ಸಮುದ್ರವನ್ನು ನೂಕುತ್ತದೆ, ಬೇಸಿಗೆಯಲ್ಲಿ ಸಮುದ್ರ ನದಿಯನ್ನು ನೂಕುತ್ತದೆ. ಉಬ್ಬರದ ಉಪ್ಪುನೀರು ಹೊಳೆಯೊಳಗೆ ಏರಿದಾಗ ದಂಡೆಯ ಬಾವಿಗಳ ರುಚಿ ಕೆಡುತ್ತದೆ. ಉಡುಪಿ ಜಿಲ್ಲೆಯಲ್ಲಿ ಇಷ್ಟೊಂದು ಕಿಂಡಿ ಅಣೆಕಟ್ಟುಗಳಿರುವುದಕ್ಕೆ, ಮಳೆ ನಿಂತ ಮೇಲೆ ಅವಕ್ಕೆ ಹಲಗೆ ಇಳಿಸುವುದಕ್ಕೆ ಒಂದು ಕಾರಣ ಸಿಹಿನೀರು ನಿಲ್ಲಿಸುವುದಾದರೆ ಇನ್ನೊಂದು ಕಾರಣ ಉಪ್ಪುನೀರು ತಡೆಯುವುದು. ಇಂಥ ನೆಲದ ಒಂದು ಬಾವಿಗೆ ಉಪ್ಪು ಅಳೆಯುವ ಸೆನ್ಸರ್ ಇಳಿಬಿಟ್ಟು, ಉಪ್ಪು ಮಿತಿ ಮೀರಿದರೆ ಪಂಪು ತಾನೇ ನಿಂತು ಮನೆಯವರ ಮೊಬೈಲಿಗೆ ಸಂದೇಶ ಬರುವಂತೆ ಮಾಡಬೇಕು ಎಂದುಕೊಳ್ಳಿ. ಅತ್ಯಂತ ಉಪಯುಕ್ತವಾದ ಸಾಧನ. ಪ್ಲಾಟ್‌ಫಾರ್ಮ್ ಇದ್ದರೆ ಅದನ್ನು ಕಟ್ಟುವುದು ಎರಡು ದಿನದ ಕೆಲಸ.

ನಡೆಸುವುದು ಎಷ್ಟು ದಿನದ ಕೆಲಸ? ಉಪ್ಪನ್ನು ಅಳೆಯುವ ಎಲೆಕ್ಟ್ರೋಡಿನ ಮೇಲೆ ಪಾಚಿಯೂ ಲವಣವೂ ಕಟ್ಟುತ್ತವೆ. ಆಗ ಅದು ಸುಳ್ಳು ಹೇಳತೊಡಗುತ್ತದೆ, ಸುಳ್ಳನ್ನೂ ನಿಜದಷ್ಟೇ ಖಚಿತವಾದ ಅಂಕಿಯಲ್ಲಿ ಹೇಳುತ್ತದೆ. ತಿಂಗಳಿಗೊಮ್ಮೆಯಾದರೂ ಯಾರೋ ಅದನ್ನು ಎತ್ತಿ ತೊಳೆದು, ಗೊತ್ತಿರುವ ದ್ರಾವಣದಲ್ಲಿ ಅದ್ದಿ ತಾಳೆ ನೋಡಬೇಕು. ಉಪ್ಪುಗಾಳಿಗೆ ಕನೆಕ್ಟರ್ ಹಸಿರುಗಟ್ಟುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಜಿಲ್ಲೆಯಲ್ಲಿ ಡಬ್ಬಿಯ ರಬ್ಬರ್ ಬಿಗಿ ಒಂದು ಮಳೆಗಾಲ ತಾಳಿದರೆ ಹೆಚ್ಚು, ಮೇ ತಿಂಗಳ ಸಿಡಿಲಿಗೆ ಬೋರ್ಡು ಉಳಿದರೆ ಪುಣ್ಯ. ಇದರಲ್ಲಿ ಒಂದು ಕೆಲಸವನ್ನೂ ಕ್ಲೌಡ್ ಮಾಡಿಕೊಡುವುದಿಲ್ಲ. ಅದು ಮಾಡಿಕೊಡುವುದು ಸರ್ವರಿನ ಆರೈಕೆ ಮಾತ್ರ, ಬಾವಿಯ ಆರೈಕೆ ಬಾವಿಯ ಬಳಿಯಲ್ಲೇ ಆಗಬೇಕು. ನಮ್ಮ ರಾಜ್ಯದಲ್ಲಿ ಇದನ್ನು ಚೆನ್ನಾಗಿ ಅರಿತ ಒಂದು ವ್ಯವಸ್ಥೆ ಇದೆ. 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿ 2007ರಲ್ಲಿ ಈಗಿನ ರೂಪ ಪಡೆದ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯತ್ ಮಟ್ಟದಲ್ಲಿ ಸೌರಶಕ್ತಿಯಿಂದ ನಡೆಯುವ ಮಳೆಮಾಪಕಗಳನ್ನು ಇಟ್ಟಿದೆ. ಆರು ಸಾವಿರಕ್ಕೂ ಹೆಚ್ಚಿರುವ ಅವು 15 ನಿಮಿಷಕ್ಕೊಮ್ಮೆ ಯಲಹಂಕದ ಕೇಂದ್ರಕ್ಕೆ ಅಂಕಿ ಕಳುಹಿಸುವಂತೆ ರೂಪಿಸಲಾಗಿದೆ. ಇಂಟರ್‌ನೆಟ್ ಸಾಧನಗಳ ಮಾತು ಕಾಲೇಜುಗಳಲ್ಲಿ ಫ್ಯಾಷನ್ ಆಗುವ ಮೊದಲೇ ಹಬ್ಬತೊಡಗಿದ ಜಾಲ ಅದು. ಅದರ ಬಲ ಬೋರ್ಡಿನಲ್ಲಿಲ್ಲ. ಹೆಸರು, ಸಿಬ್ಬಂದಿ, ಬಜೆಟ್, ಹೊಣೆ ಇರುವ ಒಂದು ಸಂಸ್ಥೆ ಅದರ ಹಿಂದೆ ನಿಂತಿದೆ ಎಂಬುದರಲ್ಲಿದೆ. ಹಾಗಾಗಿ 'ಕಷ್ಟ ತೀರಿತು' ಎಂಬ ನಂಬಿಕೆಯ ಮೊದಲ ಅರ್ಧವನ್ನು ತಿದ್ದಬೇಕಾಗುತ್ತದೆ: ಕಷ್ಟಗಳಲ್ಲಿ ಚಿಕ್ಕದು ತೀರಿತು, ದೊಡ್ಡದು ಇದ್ದಲ್ಲೇ ಇದೆ.

ಇಲ್ಲಿ ಒಂದು ಉಪವಾದ ಬರುತ್ತದೆ. ಸಾಧನಗಳು ಸುರಿಸುವ ಅಂಕಿಅಂಶದ ರಾಶಿಯನ್ನು ಇಟ್ಟುಕೊಳ್ಳುವುದಕ್ಕಾದರೂ ಕ್ಲೌಡ್ ಬೇಕಲ್ಲ ಎನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ನಮ್ಮ ಬಾವಿಯ ಸೆನ್ಸರ್ 15 ನಿಮಿಷಕ್ಕೊಮ್ಮೆ ಅಳೆದರೆ ದಿನಕ್ಕೆ 96 ಅಳತೆ, ವರ್ಷಕ್ಕೆ 35,040. ದಿನಾಂಕ, ಸಮಯ, ಉಪ್ಪಿನ ಅಂಶ, ನೀರಿನ ಮಟ್ಟ ಎಲ್ಲ ಸೇರಿ ಒಂದು ಅಳತೆಗೆ 20 ಬೈಟ್ ಹಿಡಿದರೆ ವರ್ಷಕ್ಕೆ ಸುಮಾರು ಏಳು ಲಕ್ಷ ಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ದೊಡ್ಡದಿರುತ್ತದೆ. ಸಾವಿರ ಬಾವಿಗಳ ಒಂದು ವರ್ಷದ ಲೆಕ್ಕವೂ ಸುಮಾರು 70 ಕೋಟಿ ಬೈಟ್ ಅಷ್ಟೇ, ಅಂಗಡಿಯಲ್ಲಿ ಸಿಗುವ ಸಾಧಾರಣ ಮೆಮೊರಿ ಕಾರ್ಡಿನಲ್ಲಿ ಹಲವು ವರ್ಷಗಳಷ್ಟು ಹಿಡಿಯುತ್ತದೆ. ವಿಡಿಯೊ ಕ್ಯಾಮೆರಾಗಳ ವಿಷಯ ಬೇರೆ, ನಿಜ. ಆದರೆ ನೀರು, ಮಳೆ, ಪಂಪು, ತೋಟದ ತೇವ ಇಂಥ ನಮ್ಮ ನಿತ್ಯದ ಅಗತ್ಯಗಳ ಮಟ್ಟಿಗೆ ದೂರದ ಸರ್ವರ್ ಬೇಕಾಗಿರುವುದು ಗಾತ್ರದ ಕಾರಣಕ್ಕಲ್ಲ. ಮನೆಯ ವೈಫೈ ರೂಟರಿನೊಳಗೆ ಕುಳಿತ ಸಾಧನವನ್ನು ಹೊರಗಿನಿಂದ ಮುಟ್ಟುವುದು ಕಷ್ಟ, ಎರಡೂ ಕಡೆಯವರು ಬಂದು ಭೇಟಿಯಾಗಲು ನಡುವೆ ಒಂದು ಜಾಗ ಬೇಕು ಎಂಬುದಷ್ಟೇ ಕಾರಣ. ಆ ಜಾಗ ಯಾರದ್ದಾದರೂ ಆಗಬಹುದು. ಒಂದೇ ಕಂಪನಿಯದ್ದಾಗಲೇಬೇಕೆಂಬ ತಾಂತ್ರಿಕ ನಿಯಮ ಯಾವುದೂ ಇಲ್ಲ.

ಈಗ ನಂಬಿಕೆಯ ಎರಡನೆಯ ಅರ್ಧ, ಯಜಮಾನಿಕೆ. ನಮ್ಮ ಸಾಧನದ ಒಳಗೆ ಒಂದೇ ಒಂದು ತೀರ್ಮಾನದ ವಾಕ್ಯವಿದೆ: 'ಉಪ್ಪು ಇಷ್ಟು ಮೀರಿದರೆ ಪಂಪು ನಿಲ್ಲಿಸು.' ಎಷ್ಟು ಎಂಬುದು ಸುಲಭದ ಪ್ರಶ್ನೆಯಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಮೀರಬಾರದು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1000ದವರೆಗೆ ಸಹಿಸಬಹುದು. ತೆಂಗಿಗೆ ಒಂದು ಮಿತಿ, ಕುಡಿಯಲು ಒಂದು ಮಿತಿ, ಟ್ಯಾಂಕರ್ ಬಾರದ ಏಪ್ರಿಲ್ ತಿಂಗಳಿಗೆ ಮತ್ತೊಂದು ಮಿತಿ. ಇದನ್ನು ತೀರ್ಮಾನಿಸಬೇಕಾದವರು ಆ ನೀರು ಕುಡಿಯುವವರು. ಈ ಒಂದು ವಾಕ್ಯವನ್ನು ಬೋರ್ಡಿನೊಳಗೇ ಬರೆಯಬಹುದು, ದೂರದ ಸರ್ವರಿನಲ್ಲೂ ಬರೆಯಬಹುದು. ಬೋರ್ಡಿನಲ್ಲಿದ್ದರೆ ನೆಟ್ ಇರಲಿ ಬಿಡಲಿ ಪಂಪು ಸರಿಯಾದ ಹೊತ್ತಿಗೆ ನಿಲ್ಲುತ್ತದೆ, ಸಂದೇಶ ಮಾತ್ರ ತಡವಾಗಬಹುದು. ಸರ್ವರಿನಲ್ಲಿದ್ದರೆ ಗಾಳಿಮಳೆಗೆ ನೆಟ್ ಹೋದ ರಾತ್ರಿ ಬಾವಿಯ ಪಕ್ಕದಲ್ಲಿ ಸೆನ್ಸರೂ ಇದೆ, ಪಂಪೂ ಇದೆ, ಎರಡರ ನಡುವಿನ ತೀರ್ಮಾನ ಮಾತ್ರ ಸಾಗರದಾಚೆ ಉಳಿಯುತ್ತದೆ. ಪ್ಲಾಟ್‌ಫಾರ್ಮ್‌ಗಳು ಬೋರ್ಡಿನೊಳಗೆ ಬರೆಯುವುದನ್ನು ತಡೆಯುವುದಿಲ್ಲ. ಆದರೆ ಸರ್ವರಿನಲ್ಲಿ ಬರೆಯುವುದನ್ನು ಎಷ್ಟು ಸಲೀಸು ಮಾಡುತ್ತವೆ ಎಂದರೆ ಕಲಿಯುವವರ ಕೈ ತಾನಾಗಿ ಅತ್ತ ಹೋಗುತ್ತದೆ. ಯಜಮಾನಿಕೆ ಹೀಗೆ ಯಾರೂ ಕಿತ್ತುಕೊಳ್ಳದೆಯೇ ಕೈತಪ್ಪುತ್ತದೆ.

ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಊಹೆ ಬೇಕಿಲ್ಲ. ರಿವಾಲ್ವ್ ಎಂಬ, ಮನೆಯ ದೀಪ, ಬಾಗಿಲುಗಳನ್ನು ಜೋಡಿಸುವ ಸಾಧನವನ್ನು ಜನ 300 ಡಾಲರಿನಷ್ಟು ಕೊಟ್ಟು ಕೊಂಡಿದ್ದರು. ಗೂಗಲ್ ಒಡೆತನದ ನೆಸ್ಟ್ ಆ ಕಂಪನಿಯನ್ನು ಕೊಂಡಿತು, 2016ರ ಮೇ ತಿಂಗಳಲ್ಲಿ ಅದರ ಸರ್ವರ್ ನಿಂತಿತು. ಸುಸ್ಥಿತಿಯಲ್ಲಿದ್ದ ಯಂತ್ರಗಳು ಆ ದಿನದಿಂದ ಖಾಲಿ ಡಬ್ಬಿಗಳಾದವು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಎಂಬ ಕಂಪನಿಯ ಸರ್ವರ್‌ಗಳು ಮುನ್ಸೂಚನೆಯನ್ನೂ ಕೊಡದೆ ಮೌನವಾದವು. ಸಣ್ಣ ಕಂಪನಿಗಳ ಹಣೆಬರಹ ಇದು, ದೊಡ್ಡವರನ್ನು ನಂಬೋಣ ಎಂದರೆ, ಗೂಗಲ್ ತನ್ನ ಐಒಟಿ ಕೋರ್ ಸೇವೆಯನ್ನು 2023ರ ಆಗಸ್ಟ್ 16ರಂದು ಮುಚ್ಚಿತು, ಐಬಿಎಂ ತನ್ನ ವಾಟ್ಸನ್ ಐಒಟಿ ಪ್ಲಾಟ್‌ಫಾರ್ಮನ್ನು ಅದೇ ವರ್ಷ ಡಿಸೆಂಬರಿನಲ್ಲಿ ನಿಲ್ಲಿಸಿತು. ಬೋರ್ಡೂ ಕ್ಲೌಡೂ ಕೂಡಿಸಿಕೊಡುವ ಮೊದಲಿಗರಲ್ಲಿ ಒಂದಾದ ಎಲೆಕ್ಟ್ರಿಕ್ ಇಂಪ್ 2020ರಲ್ಲಿ ಟ್ವಿಲಿಯೊ ಪಾಲಾಯಿತು, 2023ರಲ್ಲಿ ಟ್ವಿಲಿಯೊದ ಆ ವಿಭಾಗವೇ ಕೋರ್ ವೈರ್‌ಲೆಸ್ ಕಂಪನಿಯ ಕೈಸೇರಿತು. ಗೋಡೆಯ ಮೇಲಿನ ಸಾಧನ ಅದೇ, ಅದರ ಕೀಲಿ ಮೂರು ಕೈ ಕಂಡಿತು. ಪಾರ್ಟಿಕಲ್ ಕೂಡ 2018ರಲ್ಲಿ ಸಾಧನಗಳು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ಮೆಶ್ ಜಾಲವನ್ನು ದೊಡ್ಡದಾಗಿ ಸಾರಿ, 2020ರ ಜನವರಿಯಲ್ಲಿ ಅದನ್ನು ಕೈಬಿಟ್ಟಿತು. ಮೆಶ್ ಜಾಲಕ್ಕೆಂದೇ ಮಾಡಿದ್ದ ಝೆನಾನ್ ಬೋರ್ಡಿನ ತಯಾರಿಕೆ ನಿಂತಿತು. ಇವರಲ್ಲಿ ಯಾರೂ ಮೋಸಗಾರರೆಂದು ನಾನು ಹೇಳುತ್ತಿಲ್ಲ. ವ್ಯಾಪಾರದ ಲೆಕ್ಕ ಬದಲಾಯಿತು, ಅವರು ಬದಲಾದರು. ಕೊಂಡವನಿಗೆ ಬದಲಾಗುವ ಅವಕಾಶ ಇರಲಿಲ್ಲ ಎಂಬುದು ನನ್ನ ಆಕ್ಷೇಪ.

ಈಗ ಮೆಸ್ಕಾಂ ಹೋಲಿಕೆಗೆ ಬರೋಣ. ಕರೆಂಟು ಮತ್ತು ಕ್ಲೌಡ್ ಎರಡೂ ಹೊರಗಿನಿಂದ ಬರುವುದು ನಿಜ, ಹೋಲಿಕೆ ಅಲ್ಲಿಗೇ ಮುಗಿಯುತ್ತದೆ.

1. ಕರೆಂಟಿಗೆ ಎಲ್ಲರೂ ಒಪ್ಪಿದ ಮಾನಕ ಇದೆ. 230 ವೋಲ್ಟ್, 50 ಹರ್ಟ್ಸ್ ಇದ್ದರೆ ಅದು ನಂದಿಕೂರಿನ ಕಲ್ಲಿದ್ದಲಿನಿಂದ ಬಂತೊ, ವಾರಾಹಿಯ ನೀರಿನಿಂದ ಬಂತೊ, ಮನೆಯ ಸೋಲಾರ್‌ನಿಂದ ಬಂತೊ ಪಂಪಿಗೆ ಸಂಬಂಧವಿಲ್ಲ. ಪ್ಲಾಟ್‌ಫಾರ್ಮ್ ಸಾಧನದ ಹೊಟ್ಟೆಯಲ್ಲಿ ಒಂದೇ ಸರ್ವರಿನ ವಿಳಾಸ, ಒಂದೇ ಸರ್ವರಿಗೆ ಹೊಂದುವ ಕೀಲಿ ಇರುತ್ತದೆ.

2. ಕರೆಂಟಿನ ದರವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸಿ ಗೊತ್ತುಪಡಿಸುತ್ತದೆ. ಗ್ರಾಹಕ ಅಲ್ಲಿ ಎದ್ದು ನಿಂತು ಆಕ್ಷೇಪಿಸಬಹುದು. ಪ್ಲಾಟ್‌ಫಾರ್ಮಿನ ಷರತ್ತನ್ನು ಕಂಪನಿ ತಾನೇ ಬರೆಯುತ್ತದೆ, ತಾನೇ ತಿದ್ದುತ್ತದೆ.

3. ಲಾಭವಿಲ್ಲವೆಂದು ಮೆಸ್ಕಾಂ ಉಡುಪಿಗೆ ನೋಟಿಸ್ ಕೊಟ್ಟು ಎದ್ದುಹೋಗುವಂತಿಲ್ಲ. ಪ್ಲಾಟ್‌ಫಾರ್ಮ್ ಕಂಪನಿ ಹೋಗಬಹುದು.

ಇದೇ ಜಿಲ್ಲೆಯ ಚರಿತ್ರೆಯಲ್ಲಿ ಇನ್ನೊಂದು ಪಾಠವಿದೆ. 1906ರಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲೇ ಹುಟ್ಟಿ ಮಣಿಪಾಲದಲ್ಲಿ ಬೆಳೆದ ಸಿಂಡಿಕೇಟ್ ಬ್ಯಾಂಕ್ ಎರಡೂ 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹೆಸರು ಹೋಯಿತು, ಊರಿಗೆ ಬೇಸರವಾಯಿತು. ಆದರೆ ಪಿಗ್ಮಿ ಕಟ್ಟಿದವರ ಹಣ ಹೋಗಲಿಲ್ಲ, ಏಕೆಂದರೆ ಠೇವಣಿದಾರನ ಹಕ್ಕನ್ನು ಕಾನೂನು ಹೊಸ ಮಾಲೀಕನ ಹೆಗಲಿಗೆ ದಾಟಿಸಿತ್ತು. ಪ್ಲಾಟ್‌ಫಾರ್ಮ್ ಕಂಪನಿ ಮಾರಾಟವಾದಾಗ ಸಾಧನ ಕೊಂಡವನಿಗೆ ಅಂಥ ರಕ್ಷಣೆ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ವ್ಯಕ್ತಿಯ ಮಾಹಿತಿಯನ್ನು ಕಾಯಲೆಂದು ಮಾಡಿದ್ದು. ಊರಿನ ಬಾವಿಗಳ ಉಪ್ಪಿನ ಲೆಕ್ಕವನ್ನು ಕಾಯುವುದು ಅದರ ಉದ್ದೇಶವಲ್ಲ. ಹತ್ತು ವರ್ಷ ಕೂಡಿಟ್ಟ ಆ ಲೆಕ್ಕ ನಮಗೆ ಎಷ್ಟೇ ಬೆಲೆಬಾಳಲಿ, ಸರ್ವರಿನ ಜೊತೆಗೆ ಅದೂ ಮುಚ್ಚಿಹೋಗಬಹುದು.

ಆಕ್ಷೇಪಗಳು ಇವೆ. ಅವುಗಳಲ್ಲಿ ಅತಿ ಗಂಭೀರವಾದದ್ದು ಸುರಕ್ಷತೆಯದು. ಊರಲ್ಲೇ ಸರ್ವರ್ ಇಟ್ಟು ನಡೆಸಿದರೆ ಅದನ್ನು ಕಾಯುವವರು ಯಾರು? 2016ರಲ್ಲಿ ಮಿರಾಯಿ ಎಂಬ ಕುತಂತ್ರಾಂಶ, ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡನ್ನೇ ಯಾರೂ ಬದಲಾಯಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅಕ್ಟೋಬರ್ 21ರಂದು ಅಂಥವು ಒಟ್ಟಾಗಿ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದು ಅಮೆರಿಕದ ಎಷ್ಟೋ ದೊಡ್ಡ ಜಾಲತಾಣಗಳು ಗಂಟೆಗಟ್ಟಲೆ ಸಿಗದಂತಾದವು. ಆರೈಕೆಯಿಲ್ಲದ ಸಾಧನ ಇಡೀ ಊರಿಗೆ ಅಪಾಯ ಎಂಬುದನ್ನು ಆ ದಿನ ತೋರಿಸಿಕೊಟ್ಟಿತು. ಒಳ್ಳೆಯ ಪ್ಲಾಟ್‌ಫಾರ್ಮ್ ಪ್ರತಿ ಬೋರ್ಡಿಗೂ ಬೇರೆ ಕೀಲಿ ಕೊಡುತ್ತದೆ, ತೂತು ಕಂಡಾಗ ಅಪ್‌ಡೇಟ್ ಕಳುಹಿಸುತ್ತದೆ. ಇದನ್ನು ಒಬ್ಬಿಬ್ಬರು ಉತ್ಸಾಹಿಗಳು ಮಾಡುವುದು ಕಷ್ಟ ಎಂದು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಈ ಆಕ್ಷೇಪ ಸಾಬೀತು ಮಾಡುವುದು ಏನನ್ನು? ನಿರಂತರ ಆರೈಕೆ ಬೇಕು ಎಂಬುದನ್ನು. ಕಂಪನಿ ಮುಚ್ಚಿದ ದಿನ ಅಪ್‌ಡೇಟೂ ನಿಲ್ಲುತ್ತದೆ, ಆಗ ಪ್ಲಾಟ್‌ಫಾರ್ಮಿನ ಸಾಧನವೂ ಅನಾಥವೇ. ಆದ್ದರಿಂದ ಸುರಕ್ಷತೆಯ ವಾದ ಪ್ಲಾಟ್‌ಫಾರ್ಮಿನ ಪರವಾಗಿ ನಿಲ್ಲುವುದು ಆರೈಕೆಯ ಅವಧಿಯನ್ನು ಮೊದಲೇ ಬರೆದುಕೊಟ್ಟಾಗ ಮಾತ್ರ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನು, ಇಂಥ ಸಾಧನ ಮಾರುವವರು ಎಷ್ಟು ಕಾಲ ಸುರಕ್ಷತಾ ಅಪ್‌ಡೇಟ್ ಕೊಡುತ್ತೇವೆಂದು ಹೇಳಲೇಬೇಕು ಎನ್ನುತ್ತದೆ. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ. ಅದು ಒಳ್ಳೆಯ ಹೆಜ್ಜೆ, ಆಯುಷ್ಯದ ಪ್ರಶ್ನೆಗೂ ಅದೇ ಬಿಗಿ ಬರಬೇಕು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಕ್ಲೌಡ್ ಬಿಟ್ಟರೂ ಮೊಬೈಲ್ ಟವರ್ ಬೇಕು, ಚಿಪ್ಪು ಚೀನಾದಿಂದ ಬರಬೇಕು. ಯಾರನ್ನೂ ಅವಲಂಬಿಸದ ಸಾಧನ ಎಲ್ಲಿದೆ ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾಗಿದೆ. ಕರ್ನಾಟಕದ ರೈತರು ಬಹಳ ಕಾಲದಿಂದ ಬಳಸುತ್ತಿರುವ ಮೊಬೈಲ್ ಸ್ಟಾರ್ಟರ್ ನೋಡಿ. ಪುಣೆಯ ನ್ಯಾನೊ ಗಣೇಶ್ ಇಂಥದ್ದರಲ್ಲಿ ಹೆಸರಾದದ್ದು. ತೋಟದ ಸ್ಟಾರ್ಟರಿಗೆ ಮನೆಯಿಂದ ಕರೆ ಮಾಡಿದರೆ ಪಂಪು ಶುರುವಾಗುತ್ತದೆ, ಕರೆಂಟಿದೆಯೆ ಎಂಬುದೂ ತಿಳಿಯುತ್ತದೆ. ಅದರ ಮೂಲ ಕೆಲಸಕ್ಕೆ ಕ್ಲೌಡ್ ಬೇಕಿಲ್ಲ, ಆದರೂ ಸಿಮ್ ಬೇಕು. ಟೂಜಿ ನಿಂತರೆ ಟೂಜಿ ಮಾತ್ರ ಬಲ್ಲ ಸ್ಟಾರ್ಟರ್ ಕೂಡ ನಿಲ್ಲುತ್ತದೆ. ಆದರೆ ಒಂದು ಕಂಪನಿಯ ಸಿಮ್ ಸರಿಯಿಲ್ಲದಿದ್ದರೆ ಇನ್ನೊಂದರದ್ದನ್ನು ಹಾಕಿಕೊಳ್ಳಬಹುದು, ಟವರ್ ಸಿಗದ ಕಡೆ ಇನ್ನೊಂದು ದಾರಿ ಹುಡುಕಬಹುದು. ಮಲ್ಪೆಯ ಕಡಲಿನಲ್ಲಿ ಆದದ್ದೂ ಅದೇ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ದೋಣಿ ಏಳು ಮೀನುಗಾರರೊಡನೆ ಕಾಣೆಯಾಯಿತು. ಮುಳುಗಿದ ದೋಣಿಯನ್ನು ನೌಕಾಪಡೆ ಮಾಲ್ವಣದ ಬಳಿ ಪತ್ತೆಮಾಡಿದ್ದು 2019ರ ಮೇ ತಿಂಗಳಲ್ಲಿ. ಆಳಸಮುದ್ರದಲ್ಲಿ ಟವರ್ ಇಲ್ಲ, ಕ್ಲೌಡಿನ ಸೊಗಸಾದ ಆ್ಯಪ್ ಅಲ್ಲಿ ಕೆಲಸಕ್ಕೆ ಬಾರದು. ಈಗ ಕೇಂದ್ರ ಮೀನುಗಾರಿಕಾ ಇಲಾಖೆ ಒಂದು ಲಕ್ಷ ದೋಣಿಗಳಿಗೆ ಹಾಕಲು ಹೊರಟಿರುವ, ಇಸ್ರೊ ರೂಪಿಸಿದ ಟ್ರಾನ್ಸ್‌ಪಾಂಡರ್ ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಸಾಗಿಸುತ್ತದೆ. ಅದೂ ಅವಲಂಬನೆಯೇ. ಆದರೆ ಯಾವುದನ್ನು ಅವಲಂಬಿಸಬೇಕು ಎಂದು ಅಗತ್ಯವನ್ನು ನೋಡಿ ಮೊದಲೇ ಆರಿಸಿಕೊಂಡ ಅವಲಂಬನೆ, ಹೊಣೆ ಯಾರದೆಂದು ಗೊತ್ತಿರುವ ಅವಲಂಬನೆ. ಅವಲಂಬಿಸುವುದು ತಪ್ಪಲ್ಲ. ಬದಲಿ ಇಲ್ಲದ, ಹೊಣೆಗಾರರಿಲ್ಲದ ಕಡೆ ಕುತ್ತಿಗೆ ಕೊಡುವುದು ತಪ್ಪು.

ಮೂರನೆಯ ಆಕ್ಷೇಪ: ಇಷ್ಟೆಲ್ಲ ಷರತ್ತು ಹಾಕಿದರೆ ವಿದ್ಯಾರ್ಥಿ ಮೊದಲ ಹೆಜ್ಜೆಯನ್ನೇ ಇಡಲಾರ. ಇದು ಕಾಲ ಮೀರಿದ ಹೆದರಿಕೆ. ಸಾಧನಗಳ ನಡುವಿನ ಸಂದೇಶಕ್ಕೆ ಎಮ್‌ಕ್ಯೂಟಿಟಿ ಎಂಬ ಮುಕ್ತ ರೀತಿ ಇದೆ. 1999ರಲ್ಲಿ ಉಪಗ್ರಹದ ಮೂಲಕ ತೈಲದ ಕೊಳವೆಗಳ ಮೇಲೆ ನಿಗಾ ಇಡಲು ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ರೂಪಿಸಿದ ಇದು ಇಂದು ಅಂತಾರಾಷ್ಟ್ರೀಯ ಮಾನಕ. ಇದನ್ನು ನಡೆಸುವ ಮೊಸ್ಕಿಟೊ ತಂತ್ರಾಂಶ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಕೆಲವು ನೂರು ರೂಪಾಯಿಯ ಅದೇ ಬೋರ್ಡು ಇದನ್ನು ಬಲ್ಲದು. ಕಿಲೋಮೀಟರುಗಟ್ಟಲೆ ದೂರಕ್ಕೆ ಸಣ್ಣ ಸಂದೇಶ ಕಳುಹಿಸುವ ಲೋರಾ ರೇಡಿಯೊವನ್ನು 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಲೈಸೆನ್ಸ್ ಇಲ್ಲದೆ ಬಳಸಲು ನಮ್ಮ ದೇಶದಲ್ಲಿ ಅವಕಾಶವಿದೆ. ಒಂದೊಂದು ಬಾವಿಗೂ ಸಿಮ್ ಹಾಕಬೇಕಿಲ್ಲ, ಊರಿಗೊಂದು ಎತ್ತರದ ಆಂಟೆನಾ ಸಾಕಾಗಬಹುದು. ಈ ದಾರಿಯಲ್ಲಿ ಮೊದಲ ವಾರ ಹೆಚ್ಚು ಹಿಡಿಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ವಾರದಲ್ಲಿ ವಿದ್ಯಾರ್ಥಿ ಕಲಿಯುವುದು ಒಂದು ಕಂಪನಿಯ ಪರದೆಯನ್ನಲ್ಲ, ಕೆಲಸವನ್ನೇ. ಕಲಿಕೆಗಾಗಿ ಪ್ಲಾಟ್‌ಫಾರ್ಮ್ ಬಳಸುವುದಕ್ಕೂ ನನ್ನ ವಿರೋಧವಿಲ್ಲ. ಪ್ರದರ್ಶನದ ದಿನ ಮುಗಿದ ಮೇಲೂ ಬದುಕಬೇಕಾದ ಸಾಧನವನ್ನು ಅದೇ ಸಲೀಸಿನಲ್ಲಿ ಕಟ್ಟುವುದಕ್ಕೆ ವಿರೋಧವಿದೆ.

ಇಷ್ಟರಿಂದ ಹೊರಡುವ ತೀರ್ಮಾನ ಸ್ಪಷ್ಟ. ಪ್ಲಾಟ್‌ಫಾರ್ಮ್ ಬೇಡ ಎಂಬುದಲ್ಲ, ಅದನ್ನು ಷರತ್ತಿನ ಮೇಲೆ ಒಳಗೆ ಬಿಟ್ಟುಕೊಳ್ಳಬೇಕು. ಸಾರ್ವಜನಿಕ ಹಣದಲ್ಲಿ ಕೊಳ್ಳುವ ಪ್ರತಿಯೊಂದು ಜೋಡಿತ ಸಾಧನಕ್ಕೆ, ಅದು ಪಂಚಾಯತಿನ ನೀರಿನ ಟ್ಯಾಂಕಿಯದ್ದಿರಲಿ, ನಗರಸಭೆಯ ಬೀದಿದೀಪದ್ದಿರಲಿ, ಟೆಂಡರಿನಲ್ಲೇ ಈ ನಾಲ್ಕು ಮಾತು ಬರೆಯಬೇಕು. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಷರತ್ತು ಬರೆಯುವವರಿಗೆ ಮನಸ್ಸಿದ್ದರೆ ಸಾಕು.

1. ನೆಟ್ ಹೋದರೂ ಸಾಧನ ತನ್ನ ಮೂಲ ಕೆಲಸ ನಿಲ್ಲಿಸಬಾರದು. ಅಪಾಯ ತಡೆಯುವ ತೀರ್ಮಾನ ಬೋರ್ಡಿನೊಳಗೇ ಇರಬೇಕು.

2. ಸರ್ವರಿನ ವಿಳಾಸವನ್ನೂ ಕೀಲಿಯನ್ನೂ ಕೊಂಡವರು ಬದಲಾಯಿಸುವಂತಿರಬೇಕು, ಸಂದೇಶದ ರೀತಿ ಮುಕ್ತ ಮಾನಕದ್ದಾಗಿರಬೇಕು.

3. ಕೂಡಿಟ್ಟ ಅಂಕಿಅಂಶ ಕೊಂಡವರದು. ಕೇಳಿದಾಗ ಪೂರ್ತಿಯಾಗಿ, ಓದಬಲ್ಲ ರೂಪದಲ್ಲಿ ಕೊಡಬೇಕು.

4. ಎಷ್ಟು ವರ್ಷ ಸೇವೆ, ಎಷ್ಟು ವರ್ಷ ಅಪ್‌ಡೇಟ್ ಎಂದು ಬರೆದುಕೊಡಬೇಕು. ಕಂಪನಿ ಮುಚ್ಚಿದರೆ ಅಥವಾ ಮಾರಾಟವಾದರೆ ಫರ್ಮ್‌ವೇರಿನ ಮೂಲವನ್ನು ಕೊಂಡವರಿಗೆ ಒಪ್ಪಿಸಬೇಕು.

ಇವುಗಳ ಜೊತೆಗೆ ಕಾಲೇಜುಗಳದ್ದೊಂದು ಹೊಣೆಯಿದೆ. ಅಂಕ ಕೊಡುವಾಗ ಪ್ರದರ್ಶನದ ದಿನದ ಮಿಂಚನ್ನು ಮಾತ್ರ ನೋಡದೆ, ಒಂದು ಮಳೆಗಾಲ ಹೊರಗಿದ್ದು ಸರಿಯಾದ ಅಳತೆ ಕೊಟ್ಟ ಸಾಧನಕ್ಕೆ ಹೆಚ್ಚು ಅಂಕ ಕೊಡಲಿ. ಈ ವರ್ಷದ ತಂಡ ಇಟ್ಟ ಸೆನ್ಸರನ್ನು ಮುಂದಿನ ವರ್ಷದ ತಂಡ ತೊಳೆದು, ತಾಳೆ ನೋಡಿ, ತಪ್ಪು ತಿದ್ದಿ ನಡೆಸಲಿ. ನಡೆಸುವ ವಿದ್ಯೆ ಹಾಗಲ್ಲದೆ ಬರುವುದಿಲ್ಲ. ಅದು ಬಂದ ಊರು ಯಾವ ಪ್ಲಾಟ್‌ಫಾರ್ಮನ್ನಾದರೂ ಧೈರ್ಯವಾಗಿ ಬಳಸಬಹುದು, ಬಿಡಬೇಕಾದಾಗ ಬಿಡಲೂಬಹುದು. ಕೊಳ್ಳುವ ಓದುಗರಿಗೂ ಒಂದು ಮಾತು. ಮುಂದಿನ ಸಲ ಅಂಗಡಿಯಲ್ಲಿ ಕ್ಯಾಮೆರಾವನ್ನೊ ಪಂಪಿನ ಕಂಟ್ರೋಲರನ್ನೊ ಕೈಗೆತ್ತಿಕೊಂಡಾಗ ಬೆಲೆ ಕೇಳುವ ಮೊದಲು, ನಿಮ್ಮ ಕಂಪನಿ ನಾಳೆ ಮುಚ್ಚಿದರೆ ಇದು ಕೆಲಸ ಮಾಡುತ್ತದೆಯೆ ಎಂದು ಕೇಳಿ. ಉತ್ತರ ಇಲ್ಲ ಎಂದಾದರೆ ನೀವು ಕೊಡುತ್ತಿರುವುದು ಯಂತ್ರದ ಬೆಲೆಯಲ್ಲ, ಅವಧಿ ಬರೆಯದ ಬಾಡಿಗೆ. ಅಷ್ಟು ತಿಳಿದು ಕೊಟ್ಟರೆ ತಕರಾರಿಲ್ಲ. ತಿಳಿಯದೆ ಕೊಡಬೇಡಿ.